ಅಜ್ಜಿಯ ಬದುಕನ್ನು ಪುಸ್ತಕ ಮಾಡಬೇಕು: ಹುಟ್ಟಿದ ವರ್ಷ, ದನಿ, ಫೋಟೊ, ಅಚ್ಚು ಎಲ್ಲದಕ್ಕೂ ಸಲಹೆ ಬೇಕು

ಮದ್ದೂರಿನ ಮೊಮ್ಮಗಳು ಕೇಳಿದ್ದು:

ನಮ್ಮ ತಾಯಿಯ ತಾಯಿ 2025ರ ಕಾರ್ತಿಕ ಬಹುಳ ಪಂಚಮಿಯಂದು ತೀರಿಕೊಂಡರು. ಊರು ಮದ್ದೂರು ತಾಲ್ಲೂಕು. ಅಜ್ಜಿಗೆ ಅಕ್ಷರ ಗೊತ್ತಿರಲಿಲ್ಲ, ಆದರೆ ಇಡೀ ಊರಿನ ಸೋಬಾನೆ ಪದಗಳು ಅವರ ಬಾಯಲ್ಲಿದ್ದವು, ಆರು ಮಕ್ಕಳ ಮನೆ ಅವರ ಕೈಯಲ್ಲಿ ನಡೆಯಿತು. ವರ್ಷದ ತಿಥಿಗೆ ಬರುವವರ ಕೈಗೆ ಅವರ ಬದುಕಿನ ಪುಸ್ತಕವೊಂದನ್ನು ಕೊಡಬೇಕು ಅಂತ ಮನೆಯವರೆಲ್ಲ ಒಪ್ಪಿದ್ದಾರೆ. 60–70 ಪುಟ, 150 ಪ್ರತಿ.

ಮೊದಲ ಪುಟದಲ್ಲೇ ಸಿಕ್ಕಿಕೊಂಡಿದ್ದೇವೆ. ಹುಟ್ಟಿದ ವರ್ಷ ಯಾವುದು? ಆಧಾರ್‌ನಲ್ಲಿ 01-01-1935 ಇದೆ. ಸಾಯುವಾಗ 98 ವರ್ಷ ಅಂತ ದೊಡ್ಡಮ್ಮ ಹೇಳುತ್ತಾರೆ. ಅಜ್ಜಿಯ ತವರಿನಲ್ಲಿ ಸಿಕ್ಕ ಹಳೆಯ ಲೆಕ್ಕದ ಪುಸ್ತಕದಲ್ಲಿ 'ಪ್ರಮೋದೂತ ಸಂ. ಮಾಘ ಶು. 10 ಬುಧವಾರ ಹೆಣ್ಣುಮಗು' ಎಂಬ ಸಾಲಿದೆ. 'ದೊಡ್ಡ ಮಹಾರಾಜ್ರು ತೀರ್ಕೊಂಡಾಗ ನಾನು ಎಮ್ಮೆ ಮೇಯ್ಸೋ ಹುಡ್ಗಿ' ಅಂತ ಅಜ್ಜಿ ಹೇಳುತ್ತಿದ್ದರು. ಯಾವುದನ್ನು ನಂಬುವುದು? ಇದಲ್ಲದೆ ಸುಮಾರು 40 ಹಳೆಯ ಫೋಟೊಗಳಿವೆ, ವಾಟ್ಸಾಪಿನಲ್ಲಿ ಅವರ ದನಿಯ ತುಣುಕುಗಳಿವೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ತಿಳಿದವರು ಹೇಳಿ.

---

ಹಳೇಕಡತ ಉತ್ತರ:

ಆ ಲೆಕ್ಕದ ಪುಸ್ತಕದ ಸಾಲು ನಿಮ್ಮ ಹತ್ತಿರ ಇರುವ ಬಲವಾದ ಸಾಕ್ಷಿ. ಆಧಾರ್‌ನ ತಾರೀಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಹುಟ್ಟಿದ ದಾಖಲೆ ಇಲ್ಲದ ಹಿರಿಯರಿಗೆ ಅಂದಾಜು ವಯಸ್ಸು ಕೇಳಿ ಜನವರಿ 1 ಅಂತ ಹಾಕಿರುವುದೇ ಹೆಚ್ಚು.

ಈಗ ಲೆಕ್ಕ. ಅರವತ್ತು ಸಂವತ್ಸರಗಳಲ್ಲಿ ಮೊದಲನೆಯ ಪ್ರಭವ 1927ರ ಯುಗಾದಿಗೆ ಶುರುವಾಯಿತು. ವಿಭವ, ಶುಕ್ಲ ಕಳೆದು ನಾಲ್ಕನೆಯದಾದ ಪ್ರಮೋದೂತ ಬಂದದ್ದು 1930ರ ಯುಗಾದಿಗೆ. ಬಹಳ ಜನ ಎಡವುವುದು ಇಲ್ಲೇ: ಪ್ರಮೋದೂತ ಅಂದ ಕೂಡಲೇ 1930 ಎಂದು ಬರೆದುಬಿಡುತ್ತಾರೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಮಾಘ, ಫಾಲ್ಗುಣ ಬರುವ ಹೊತ್ತಿಗೆ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಮುಂದಿನ ವರ್ಷ ಬಂದಿರುತ್ತದೆ. ಹಾಗಾಗಿ ನಿಮ್ಮ ಮಾಘ ಶುದ್ಧ ದಶಮಿ ಬೀಳುವುದು 1931ರ ಜನವರಿ ಕೊನೆಯಲ್ಲಿ, ರಥಸಪ್ತಮಿ ಕಳೆದ ಮೂರನೆಯ ದಿನ.

ವಾರವನ್ನೂ ಬರೆದಿಟ್ಟಿರುವುದು ನಿಮ್ಮ ಪುಣ್ಯ. 1931ರ ಜನವರಿ 28 ಬುಧವಾರ, ಆ ದಿನಕ್ಕೆ ದಶಮಿ ಕೂಡುತ್ತದೆ. ಇನ್ನೊಂದು ಬಗೆಯಲ್ಲೂ ತಾಳೆ ನೋಡಬಹುದು. 19 ವರ್ಷಕ್ಕೊಮ್ಮೆ ತಿಥಿಗಳು ಹೆಚ್ಚುಕಡಿಮೆ ಅದೇ ತಾರೀಕಿಗೆ ಮರಳುತ್ತವೆ, ಒಂದು ದಿನ ಅತ್ತಿತ್ತ. 1931ಕ್ಕೆ ಐದು ಸಲ 19 ಸೇರಿಸಿದರೆ 2026. ಈ ವರ್ಷದ ರಥಸಪ್ತಮಿ ಜನವರಿ 25ಕ್ಕೆ ಬಂತು, ಅಲ್ಲಿಂದ ಮೂರು ದಿನ ಎಣಿಸಿ. ದೊಡ್ಡಮ್ಮನ 98ರ ಲೆಕ್ಕ ಹಿಡಿದರೆ 1927, ಅಂದರೆ ಪ್ರಭವ ಅಥವಾ ಅದರ ಹಿಂದಿನದು. ಸಂವತ್ಸರವೇ ಬೇರೆಯಾಗುತ್ತದೆ.

ಆದರೂ ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಎರಡು ವಿಷಯ ನೋಡಿ. ಆ ಸಾಲಿನ ಮೇಲೆ ಕೆಳಗೆ ಏನಿದೆ? ರಾಗಿ, ಬೆಲ್ಲ, ಕೂಲಿಯ ಲೆಕ್ಕ ಅದೇ ಮಾಘದ್ದಾಗಿದ್ದು, ಅದೇ ಮಸಿ, ಅದೇ ಕೈಬರಹವಾಗಿದ್ದರೆ ಮಗು ಹುಟ್ಟಿದಾಗಲೇ ಬರೆದದ್ದು. ಎಷ್ಟೋ ವರ್ಷದ ಮೇಲೆ ಖಾಲಿ ಜಾಗದಲ್ಲಿ ನೆನಪಿನಿಂದ ಸೇರಿಸಿದ್ದಾದರೆ ಅದರ ತೂಕ ಕಡಿಮೆ. ಎರಡನೆಯದು, ಆ ಹೆಣ್ಣುಮಗು ನಿಮ್ಮ ಅಜ್ಜಿಯೇನಾ? ತಂಗಿಯೋ ಅಕ್ಕನೋ ಇದ್ದು, ಚಿಕ್ಕಂದಿನಲ್ಲೇ ತೀರಿಕೊಂಡಿರಬಹುದು. ಆಗಿನ ಮನೆಗಳಲ್ಲಿ ಇದು ಸಾಮಾನ್ಯ. ಅಜ್ಜಿಯ ಒಡಹುಟ್ಟಿದವರನ್ನು ವರಸೆಯಾಗಿ ಬರೆದು, ಇಬ್ಬರ ನಡುವೆ ಎಷ್ಟು ವರ್ಷ ಅಂತರ ಎಂದು ತವರಿನವರನ್ನು ಕೇಳಿ.

ಅಜ್ಜಿಯ ಮಾತನ್ನೂ ಇದರ ಪಕ್ಕಕ್ಕಿಡಿ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3. ಆಗ ಒಂಬತ್ತೂವರೆ ವರ್ಷ. ಎಮ್ಮೆ ಮೇಯಿಸುವ ವಯಸ್ಸೇ ಸರಿ. ನಿಮ್ಮ ಕಡೆಯವರಿಗೆ ಇಂಥ ಗುರುತಿನ ಕಲ್ಲುಗಳು ಇನ್ನೂ ಇವೆ: ಮಂಡ್ಯದಲ್ಲಿ ಸಕ್ಕರೆ ಕಂಪನಿ ಆದದ್ದು 1933, ಮಂಡ್ಯ ಬೇರೆ ಜಿಲ್ಲೆ ಆದದ್ದು 1939, ಎರಡನೇ ಮಹಾಯುದ್ಧದ ಕಾಲದ ರೇಷನ್, ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್, ಗೇಣಿದಾರರು ಉಳುವ ಜಮೀನು ತಮ್ಮದಾಗಲಿ ಎಂದು ಫಾರಂ ನಂ. 7 ಹಾಕಿದ್ದು 1974ರ ಭೂಸುಧಾರಣೆ ತಿದ್ದುಪಡಿಯ ನಂತರ. 'ಮದುವೆ ಯಾವಾಗ ಆಯಿತು' ಎಂದು ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. 'ಮದುವೆಯಲ್ಲಿ ಮುಯ್ಯಿ ಆಣೆ ಲೆಕ್ಕದಲ್ಲಿತ್ತಾ, ಅಕ್ಕಿ ರೇಷನ್ನಿನದಾ' ಎಂದು ಕೇಳಿ. ಉತ್ತರ ಬರುತ್ತದೆ.

ಕಾಗದಪತ್ರದಲ್ಲಿ ಮೂರು ಕಡೆ ಹುಡುಕಿ. ಹಿರಿಯ ಮಗನೋ ಮಗಳೋ ಓದಿದ ಊರಿನ ಶಾಲೆಯ ದಾಖಲಾತಿ ರಿಜಿಸ್ಟರ್ ಮೊದಲನೆಯದು. ಅದರ ಹುಟ್ಟಿದ ತಾರೀಕನ್ನು ಮೇಷ್ಟ್ರೇ ಅಂದಾಜಿನಲ್ಲಿ ಹಾಕಿರುವುದುಂಟು, ಸೇರಿದ ತಾರೀಕು ಮಾತ್ರ ನಿಜ. ಎರಡನೆಯದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಜಮೀನಿನ ಸರ್ವೆ ನಂಬರ್ ಕೊಟ್ಟು ಹಳೆಯ ಕೈಬರಹದ ಪಹಣಿ ಮತ್ತು ಎಂ.ಆರ್. (ಜಮೀನಿನ ಹಕ್ಕು ಬದಲಾದ ದಾಖಲೆ) ನಕಲಿಗೆ ಅರ್ಜಿ ಹಾಕಿ. ತಾತನ ನಂತರ ಅಜ್ಜಿಯ ಹೆಸರಿಗೆ ಪೌತಿ ಖಾತೆ ಆಗಿದ್ದರೆ ತಾತ ತೀರಿಕೊಂಡ ಕಾಲ, ಮಕ್ಕಳ ಹೆಸರು, ಕೆಲವೊಮ್ಮೆ ವಯಸ್ಸು ಕೂಡ ಅಲ್ಲಿರುತ್ತದೆ. ಮೂರನೆಯದು 2002ರ ಮತದಾರರ ಪಟ್ಟಿ. ಅದರಲ್ಲಿನ ವಯಸ್ಸು ಅಂದಾಜಿನದು, ಆದರೆ ಒಂದೇ ಮನೆ ನಂಬರಿನಡಿ ಆಗ ಯಾರ್ಯಾರಿದ್ದರು ಎಂಬುದು ಸಿಗುತ್ತದೆ.

ಪುಸ್ತಕದಲ್ಲಿ '28 ಜನವರಿ 1931 (ತವರಿನ ಲೆಕ್ಕದ ಪುಸ್ತಕದ ಪ್ರಕಾರ)' ಎಂದು ಬರೆದು ಆ ಪುಟದ ಚಿತ್ರವನ್ನೇ ಹಾಕಿ. 94 ತುಂಬಿ 95ರಲ್ಲಿದ್ದರು. ದೊಡ್ಡಮ್ಮನಿಗೆ ಪುಟ ತೋರಿಸಿಯೇ ಅಚ್ಚಿಗೆ ಕೊಡಿ. ಮನೆಯ ಹಿರಿಯರು ಹೇಳಿಕೊಂಡು ಬಂದ ವಯಸ್ಸನ್ನು ಅವರಿಗೆ ತಿಳಿಸದೆ ತಿದ್ದುವುದು ಸರಿಯಲ್ಲ.

---

ಸೊಲ್ಲು ಉತ್ತರ:

ಯಾವ ಕೆಲಸ ಮೊದಲು ಅಂತ ಕೇಳಿದ್ದೀರಿ. ಮೊದಲು ಜನ, ಆಮೇಲೆ ಉಳಿದದ್ದೆಲ್ಲ. ಫೋಟೊ ಇನ್ನೂ ಹತ್ತು ವರ್ಷ ಪೆಟ್ಟಿಗೆಯಲ್ಲಿ ಇದ್ದೀತು. ಅಜ್ಜಿಯ ಜತೆ ಪದ ಹೇಳಿದವರಲ್ಲಿ ಈಗ ಎಷ್ಟು ಜನ ಇದ್ದಾರೆ, ಅವರ ವಯಸ್ಸೆಷ್ಟು? ಈ ವಾರವೇ ಪಟ್ಟಿ ಮಾಡಿ. ಸೋಬಾನೆಯಲ್ಲಿ ಒಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದೆ ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಸಾಲು, ಹಿಡಿಯುತ್ತಾರೆ. ಮುಂದೆ ಹೇಳುವವರು ಹೋದ ಮೇಲೂ ಸೊಲ್ಲು ಹಿಡಿದವರಿಗೆ ಪದದ ಅರ್ಧಕ್ಕಿಂತ ಹೆಚ್ಚು ನೆನಪಿರುತ್ತದೆ. ಒಬ್ಬೊಬ್ಬರನ್ನೇ ಕೂರಿಸಿದರೆ 'ನಂಗೇನು ಬರಕಿಲ್ಲ' ಅನ್ನುತ್ತಾರೆ. ಮೂರು ಜನರನ್ನು ಒಟ್ಟಿಗೆ ಕೂರಿಸಿ, ಎಲೆ ಅಡಿಕೆ ಮುಂದಿಡಿ, ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಪದ ಬರುತ್ತದೆ.

ಬದುಕಿನ ವಿಷಯ ಕೇಳುವಾಗ ಮಾತ್ರ ಇದಕ್ಕೆ ತದ್ವಿರುದ್ಧ. ಅಕ್ಕತಂಗಿಯರನ್ನು ಮೊದಲು ಬೇರೆ ಬೇರೆ ಕೇಳಿ, ಕೊನೆಗೆ ಒಟ್ಟಿಗೆ. ಒಟ್ಟಿಗೆ ಕೇಳಿದರೆ ದೊಡ್ಡವರು ಹೇಳಿದ್ದಕ್ಕೆ ಚಿಕ್ಕವರು ತಲೆಯಾಡಿಸುತ್ತಾರೆ, ಅವರ ನೆನಪು ಅಲ್ಲಿಗೇ ಮುಚ್ಚಿಹೋಗುತ್ತದೆ. 'ಅಜ್ಜಿ ಹೇಗಿದ್ರು' ಎಂಬ ಪ್ರಶ್ನೆಗೆ 'ದೇವ್ರಂಥೋಳು' ಎಂಬ ಒಂದೇ ಉತ್ತರ ಸಿಗುತ್ತದೆ. ಅದು ನಿಜವೇ, ಆದರೆ ಪುಟಕ್ಕೆ ಸಾಲದು. ಬೆಳಗ್ಗೆ ಎದ್ದ ತಕ್ಷಣ ಮೊದಲು ಕೈ ಹಾಕುತ್ತಿದ್ದ ಕೆಲಸ ಯಾವುದು, ದುಡ್ಡು ಎಲ್ಲಿ ಮುಚ್ಚಿಡುತ್ತಿದ್ದರು, ನಾಟಿ ದಿನ ಆಳುಗಳಿಗೆ ಊಟ ಎಷ್ಟು ಹೊತ್ತಿಗೆ ಹೋಗುತ್ತಿತ್ತು, ಯಾರ ಮೇಲೆ ಸಿಟ್ಟು ಬಂದರೆ ಏನು ಬೈಯುತ್ತಿದ್ದರು, ಹೆರಿಗೆಗಳು ಯಾವ ಕೋಣೆಯಲ್ಲಾದವು, ಸೂಲಗಿತ್ತಿ ಯಾರು. ಹೀಗೆ ಕೈಗೆ ಕಣ್ಣಿಗೆ ಸಿಗುವ ಪ್ರಶ್ನೆ ಕೇಳಿ.

ರೆಕಾರ್ಡಿಂಗಿಗೆ ಫೋನೇ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ ಮೇಲೆ ಇಟ್ಟು, ಮಾತಾಡುವವರಿಂದ ಒಂದು ಮೊಳ ದೂರದಲ್ಲಿಡಿ. ಬರಿಯ ಮಂಚದ ಮೇಲೋ ಸ್ಟೀಲ್ ತಟ್ಟೆಯ ಪಕ್ಕವೋ ಇಟ್ಟರೆ ಪ್ರತಿ ಸದ್ದೂ ದೊಡ್ಡದಾಗಿ ಕೇಳುತ್ತದೆ. ಫ್ಯಾನ್ ಆರಿಸಿ. ಶೀಟಿನ ಮನೆಯಾದರೆ ಮಳೆ ದಿನ ಬೇಡ. ಶುರುವಿನಲ್ಲಿ ತಾರೀಕು, ಊರು, ಕೂತವರ ಹೆಸರು ನೀವೇ ಬಾಯಲ್ಲಿ ಹೇಳಿ. ಫೈಲಿನ ಹೆಸರು ಬದಲಾದರೂ ಆ ಗುರುತು ಒಳಗೇ ಉಳಿಯುತ್ತದೆ.

ಬರೆದಿಳಿಸುವಾಗ ಗ್ರಂಥದ ಕನ್ನಡಕ್ಕೆ ತಿದ್ದಬೇಡಿ, ದಯವಿಟ್ಟು. 'ಕುಂತ್ಕಂಡು', 'ವಸಿ', 'ಬತ್ತೀನಿ' ಹಾಗೇ ಇರಲಿ. ಅದನ್ನು 'ಕುಳಿತುಕೊಂಡು', 'ಸ್ವಲ್ಪ', 'ಬರುತ್ತೇನೆ' ಮಾಡಿದರೆ ಪುಸ್ತಕದಲ್ಲಿ ನಿಮ್ಮ ಅಜ್ಜಿ ಇರುವುದಿಲ್ಲ. ಪದಗಳಲ್ಲಿ ಸಾಲು ಒಡೆಯುವುದು ಉಸಿರು ನಿಲ್ಲುವ ಕಡೆ. ಸೊಲ್ಲನ್ನು ಮೊದಲ ಸಲ ಪೂರ್ತಿ ಬರೆದು ಮುಂದೆ ಗುರುತು ಹಾಕಿದರೆ ಸಾಕು. ಅರಿಶಿನದ ಶಾಸ್ತ್ರಕ್ಕೋ, ಹಸೆಗೆ ಕರೆಯುವಾಗಲೋ, ರಾಗಿ ಬೀಸುವಾಗಲೋ, ಯಾವ ಹೊತ್ತಿನ ಪದ ಎಂಬುದನ್ನು ಪ್ರತಿಯೊಂದರ ಮೇಲೂ ಬರೆಯಿರಿ. ಅರ್ಥ ಗೊತ್ತಾಗದ ಮಾತು ಬಂದರೆ ಊಹಿಸಿ ತುಂಬಬೇಡಿ, ಕೇಳಿದ ಹಾಗೇ ಬರೆದು ಪಕ್ಕದಲ್ಲಿ ಚುಕ್ಕಿ ಇಡಿ.

---

ಮದ್ದೂರಿನ ಮೊಮ್ಮಗಳು:

ಹಳೇಕಡತ ಅವರೇ, ಸೊಲ್ಲು ಅವರೇ, ಬಹಳ ಉಪಕಾರ. ಲೆಕ್ಕದ ಪುಸ್ತಕದಲ್ಲಿ ಆ ಸಾಲಿನ ಮೇಲೆಯೇ ಮಾಘದ ಬೆಲ್ಲದ ಲೆಕ್ಕವಿದೆ, ಕೈಬರಹ ಒಂದೇ. ಸೊಲ್ಲು ಹಿಡಿಯುತ್ತಿದ್ದ ನಾಲ್ವರು ಇದ್ದಾರೆ, ಒಬ್ಬರಿಗೆ 85 ದಾಟಿದೆ.

ಇನ್ನೆರಡು ತೊಡಕು. ಅಜ್ಜಿಯ ಬಸ್ಸಾರು, ಖಾರದ ಪುಡಿ ಪುಸ್ತಕದಲ್ಲಿ ಇರಲೇಬೇಕು. ಆದರೆ ಚಿಕ್ಕಮ್ಮನನ್ನು ಕೇಳಿದರೆ 'ವಸಿ ಕೊತ್ತುಂಬರಿ, ಒಂದು ಹಿಡಿ ಮೆಣಸಿನಕಾಯಿ' ಅನ್ನುತ್ತಾರೆ. ಇನ್ನು ವಂಶವೃಕ್ಷ. ಅಜ್ಜಿಯ ಮಗಳೊಬ್ಬಳನ್ನು ಅಜ್ಜಿಯ ತಮ್ಮನಿಗೇ ಕೊಟ್ಟಿದೆ, ಮೊಮ್ಮಕ್ಕಳಲ್ಲೂ ಅತ್ತೆ ಮಕ್ಕಳು ಮಾವನ ಮಕ್ಕಳು ಮದುವೆಯಾಗಿದ್ದಾರೆ. ಕಂಪ್ಯೂಟರಿನಲ್ಲಿ ಬರೆದರೆ ಗೆರೆಗಳು ಬಲೆಯಂತೆ ಸಿಕ್ಕಿಕೊಳ್ಳುತ್ತಿವೆ.

---

ಪಾವುಸೇರು ಉತ್ತರ:

ಅಡುಗೆಗೆ ಒಂದು ಸುಲಭ ದಾರಿ: ಚಿಕ್ಕಮ್ಮನನ್ನು ಅಳೆಯಲು ಹೇಳಲೇಬೇಡಿ. ಅಳೆಯಿರಿ ಎಂದ ಕೂಡಲೇ ಕೈ ಬದಲಾಗುತ್ತದೆ, ರುಚಿ ಕೆಡುತ್ತದೆ. ಗ್ರಾಂ ತೋರಿಸುವ ಅಡುಗೆ ತಕ್ಕಡಿ ತನ್ನಿ. ಉಪ್ಪಿನ ಡಬ್ಬಿ, ಮೆಣಸಿನಕಾಯಿ ಪೊಟ್ಟಣ, ಕೊತ್ತಂಬರಿ ಬೀಜದ ಡಬ್ಬಿ, ಹುಣಸೆಹಣ್ಣಿನ ಪಾತ್ರೆ ಎಲ್ಲವನ್ನೂ ಅಡುಗೆಗೆ ಮೊದಲು ತೂಗಿ ಬರೆದಿಡಿ. ಅವರು ಎಂದಿನಂತೆ ಕೈಯಳತೆಯಲ್ಲೇ ಮಾಡಲಿ. ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದೇ ಅಳತೆ. ಒಂದು ಸಲ ಸಾಲದು, ಬೇರೆ ಬೇರೆ ದಿನ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಬಸ್ಸಾರಿಗೆ ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟು ಎಷ್ಟು ಬಂತು ಎಂಬುದನ್ನು ಅಳೆಯುವುದು ಎಲ್ಲಕ್ಕಿಂತ ಮುಖ್ಯ. ಖಾರ, ಹುಳಿ, ಉಪ್ಪು ಎಲ್ಲವೂ ಕಟ್ಟಿನ ಲೆಕ್ಕದ ಮೇಲೆ ನಿಂತಿವೆ. ರುಬ್ಬುವ ಮಸಾಲೆಗೆ ಬೆಂದ ಕಾಳು ಎಷ್ಟು ಸೇರಿಸುತ್ತಾರೆ ಎಂಬುದನ್ನು ಬರೆಯಲು ಮರೆಯುವವರೇ ಜಾಸ್ತಿ. ಅದಿಲ್ಲದೆ ಸಾರು ನೀರುನೀರಾಗುತ್ತದೆ.

ಅಜ್ಜಿಯ ಪಾವು ಮನೆಯಲ್ಲಿದ್ದರೆ ಅದನ್ನೇ ಆಧಾರ ಮಾಡಿಕೊಳ್ಳಿ. ನಾಲ್ಕು ಪಾವಿಗೆ ಒಂದು ಸೇರು ಎಂಬುದು ಎಲ್ಲ ಕಡೆ ಸರಿ, ಆದರೆ ಸೇರೇ ಊರಿಂದ ಊರಿಗೆ ಬೇರೆ. ಪಾವಿನ ತುಂಬ ನೀರು ತುಂಬಿ ತೂಗಿ: ಎಷ್ಟು ಗ್ರಾಮೋ ಅಷ್ಟು ಮಿಲಿಲೀಟರು. ಆಮೇಲೆ ಅದೇ ಪಾವಿನಲ್ಲಿ ರಾಗಿ ಹಿಟ್ಟು, ಅಕ್ಕಿ, ಹುರುಳಿ ತುಂಬಿ ತೂಗಿ ಪುಸ್ತಕದ ಕೊನೆಗೊಂದು ಪಟ್ಟಿ ಕೊಡಿ. ಬಾಯಿ ಸಮಕ್ಕೆ ಒರೆಸಿದ ಅಳತೆಯೋ ಮೇಲೆ ರಾಶಿ ಬರುವ ಅಳತೆಯೋ ಎಂಬುದನ್ನೂ ಬರೆಯಿರಿ. ಹಿಟ್ಟಿನಲ್ಲಿ ಇವೆರಡರ ನಡುವೆ ಬಹಳ ವ್ಯತ್ಯಾಸ ಬರುತ್ತದೆ, ಮುದ್ದೆ ಗಟ್ಟಿಯಾಗುವುದೋ ಅಂಬಲಿಯಾಗುವುದೋ ಅದರಲ್ಲೇ ತೀರ್ಮಾನವಾಗುತ್ತದೆ.

ವಂಶವೃಕ್ಷದ ಗೆರೆ ಬಿಡಿ, ನಂಬರ್ ಹಿಡಿಯಿರಿ. ಅಜ್ಜಿಯ ಮಕ್ಕಳಿಗೆ ಹುಟ್ಟಿದ ವರಸೆಯಲ್ಲಿ 1ರಿಂದ 6. ಮೂರನೆಯವರ ಎರಡನೆಯ ಮಗು 3.2, ಆ ಮಗುವಿನ ಮೊದಲ ಮಗು 3.2.1. ತವರಿನ ಕಡೆಗೆ ಬೇರೆ ಸಾಲು: ತ1, ತ2. ಸೋದರಮಾವನನ್ನು ಮದುವೆಯಾದ ಮಗಳು ಎರಡನೆಯವರು ಅಂದುಕೊಳ್ಳಿ. ಅವರ ಮುಂದೆ 'ಗಂಡ: ತ3 ನೋಡಿ', ತ3ರ ಮುಂದೆ 'ಹೆಂಡತಿ: 2 ನೋಡಿ'. ಮಕ್ಕಳನ್ನು ಒಂದೇ ಕಡೆ ಬರೆಯಿರಿ, ತಾಯಿಯ ನಂಬರಿನ ಕೆಳಗೆ. ಎರಡೂ ಕಡೆ ಬರೆದರೆ ಎಣಿಕೆ ತಪ್ಪುತ್ತದೆ.

ಮುಖ್ಯವಾದ ಇನ್ನೊಂದು ಮಾತು. ನಮ್ಮಲ್ಲಿ ಹಿಂದೆಲ್ಲ ವಂಶವೃಕ್ಷ ಎಂದರೆ ಪಹಣಿಯ ಲೆಕ್ಕ, ಹೆಚ್ಚಾಗಿ ಗಂಡುಮಕ್ಕಳ ಹೆಸರೇ. ಇದು ಅಜ್ಜಿಯ ಪುಸ್ತಕ. ಹೆಣ್ಣುಮಕ್ಕಳು, ಅವರ ಮಕ್ಕಳು, ಎಳವೆಯಲ್ಲೇ ಹೋದ ಕೂಸುಗಳು ಎಲ್ಲರಿಗೂ ನಂಬರ್ ಕೊಡಿ. ಹೆತ್ತದ್ದು ಎಂಟು, ಉಳಿದದ್ದು ಆರು ಎಂಬಂಥ ಸಂಗತಿ ಇದ್ದರೆ ಅದು ಆ ತಾಯಿಯ ಬದುಕಿನ ದೊಡ್ಡ ಭಾಗ. ಗಂಡನ ಮನೆಯಲ್ಲಿ ತವರೂರಿನ ಹೆಸರಿನಿಂದ ಕರೆಯುತ್ತಿದ್ದರೆ ಆ ಹೆಸರೂ ಇರಲಿ, ಮುಂದೆ ಹಳೆಯ ಪತ್ರ ಹುಡುಕುವವರಿಗೆ ಬೇಕಾಗುತ್ತದೆ.

---

ಕನ್ನಡಿ ಚೌಕಟ್ಟು ಉತ್ತರ:

ಫೋಟೊಗಳ ಬಗ್ಗೆ. ಗೋಡೆಗೆ ತೂಗುಹಾಕಿದ ಗಾಜಿನ ಫ್ರೇಮಿನಿಂದ ಫೋಟೊ ಕೀಳಬೇಡಿ. ತೇವಕ್ಕೆ ಫೋಟೊದ ಮೇಲ್ಪದರ ಗಾಜಿಗೇ ಅಂಟಿಕೊಂಡಿರುತ್ತದೆ, ಎಳೆದರೆ ಮುಖವೇ ಗಾಜಿನ ಜತೆ ಬರುತ್ತದೆ. ಅಂಟಿದೆಯೇ ಎಂದು ತಿಳಿಯಲು ಓರೆಯಾಗಿ ಹಿಡಿದು ನೋಡಿ, ಅಂಟಿದ ಕಡೆ ಒದ್ದೆಯಂತೆ ಕಪ್ಪಾಗಿ ಹೊಳೆಯುತ್ತದೆ. ಅಂಥದ್ದನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಇಲ್ಲವೇ ಹಗಲು ಬೆಳಕಿನಲ್ಲಿ ಫ್ಲಾಶ್ ಇಲ್ಲದೆ ನೇರ ಮೇಲಿನಿಂದ ತೆಗೆಯಿರಿ. ಗಾಜಿನ ಮೇಲಿನ ಕುಂಕುಮ ಒಣಬಟ್ಟೆಯಲ್ಲಿ ಒರೆಸಿ. ಫೋಟೊದ ಮೇಲೇ ಬಿದ್ದಿದ್ದರೆ ಮೆತ್ತನೆಯ ಬ್ರಷ್ ಮಾತ್ರ, ನೀರು ಬೇಡವೇ ಬೇಡ.

ಬಿಡಿ ಫೋಟೊಗಳಿಗೆ ಪೋಸ್ಟ್‌ಕಾರ್ಡ್ ಅಳತೆಯವಕ್ಕೆ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯವಕ್ಕೆ 1200. ಅಚ್ಚಿಗೆ ಇಂಚಿಗೆ 300 ಚುಕ್ಕಿ ಬೇಕು. ಒಂದಿಂಚಿನ ಫೋಟೊವನ್ನು 1200ರಲ್ಲಿ ಹಿಡಿದರೆ ನಾಲ್ಕಿಂಚಿಗೆ ಹಿಗ್ಗಿಸಬಹುದು, 300ರಲ್ಲಿ ಹಿಡಿದರೆ ಒಂದಿಂಚೇ. ಟಿಫ್ ಆಗಿ ಉಳಿಸಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೊ ಸೀಲು ಊರನ್ನೂ ಕೆಲವೊಮ್ಮೆ ವರ್ಷವನ್ನೂ ಹೇಳುತ್ತದೆ. ಹಿಂದೆ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಬಳಸಿ, ಬಾಲ್‌ಪೆನ್ ಒತ್ತಿದರೆ ಮುಂದೆ ಗೀರು ಏಳುತ್ತದೆ. ಈಗಿನ ಆಪ್‌ಗಳು ಬಣ್ಣ ತುಂಬಿ ಮುಖ ನುಣುಪು ಮಾಡಿಕೊಡುತ್ತವೆ. ಅದು ಅಜ್ಜಿಯ ಮುಖವಾಗಿ ಉಳಿದಿರುವುದಿಲ್ಲ. ಮೂಲವನ್ನೇ ಅಚ್ಚು ಹಾಕಿ.

ದನಿಯ ತುಣುಕುಗಳ ಬಗ್ಗೆ ಅವಸರ ಮಾಡಿ. ಯಾರಾದರೂ ಫೋನ್ ಬದಲಿಸಿದರೆ ಅವು ಹೋದವು. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪಿನ ಮೀಡಿಯಾ ಫೋಲ್ಡರಿನೊಳಗೆ ವಾಯ್ಸ್ ನೋಟ್ಸ್ ಎಂಬ ಫೋಲ್ಡರ್ ಇದೆ, ಫೈಲುಗಳು ಓಪಸ್ ರೂಪದಲ್ಲಿವೆ. ಕಂಪ್ಯೂಟರಿಗೆ ಹಾಗೇ ನಕಲು ಮಾಡಿ, ಎರಡು ಬೇರೆ ಕಡೆ ಇಡಿ. ಗದ್ದಲ ತೆಗೆಯುವುದಾದರೆ ನಕಲಿನ ಮೇಲೆ ಮಾಡಿ. ಅಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ಮಾತಿಲ್ಲದ ಒಂದು ಚೂರು ಆರಿಸಿ ಗದ್ದಲದ ಮಾದರಿ ಕೊಟ್ಟು 6ರಿಂದ 9 ಡೆಸಿಬೆಲ್ ಇಳಿಸಿದರೆ ಸಾಕು. ಹೆಚ್ಚು ಇಳಿಸಿದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಪುಸ್ತಕದಲ್ಲಿ ಕ್ಯೂಆರ್ ಕೋಡ್ ಹಾಕುವ ಆಸೆ ಇದ್ದರೆ ಹಾಕಿ, ಆದರೆ ಲಿಂಕು ಸಾಯಬಹುದು. ಆರು ಮನೆಗೂ ಪೆನ್‌ಡ್ರೈವ್ ಕೊಡುವುದು ಭದ್ರ.

---

ಅಚ್ಚುಮೊಳೆ ಉತ್ತರ:

ಅಚ್ಚಿನ ವಿಷಯ ಚುಟುಕಾಗಿ. ಪುಟಗಳು 4ರ ಗುಣಾಕಾರದಲ್ಲಿರಬೇಕು, 64 ಅತ್ಯುತ್ತಮ. 1/8 ಡೆಮಿ ಅಳತೆ, ಒಳಗೆ 80 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ ಕಾಗದ, ಫೋಟೊಗಳ 8 ಪುಟ ಬೇಕಾದರೆ 130 ಜಿಎಸ್‌ಎಂ ಆರ್ಟ್ ಪೇಪರ್. 64 ಪುಟದವರೆಗೆ ಸೆಂಟರ್ ಪಿನ್ (ಮಡಿಕೆಯ ನಡುವೆ ಪಿನ್ ಹೊಡೆಯುವುದು) ನಡೆಯುತ್ತದೆ, ಅದಕ್ಕಿಂತ ದಪ್ಪವಾದರೆ ಗಮ್ ಬೈಂಡಿಂಗ್. 150 ಪ್ರತಿಗೆ ಡಿಜಿಟಲ್ ಪ್ರಿಂಟೇ ಸರಿ, ಆಫ್‌ಸೆಟ್ ಅಗ್ಗವಾಗುವುದು ಪ್ರತಿಗಳು ಹೆಚ್ಚಿದ್ದಾಗ. ಅಕ್ಷರ 13 ಪಾಯಿಂಟಿಗಿಂತ ಚಿಕ್ಕದು ಬೇಡ, ಓದುವವರಲ್ಲಿ ಅರ್ಧ ಜನ 60 ದಾಟಿದವರು.

ಎಡವಟ್ಟಾಗುವುದು ಅಕ್ಷರದಲ್ಲಿ. ನೀವು ಯೂನಿಕೋಡಿನಲ್ಲಿ ಟೈಪ್ ಮಾಡಿರುತ್ತೀರಿ, ಪ್ರೆಸ್ಸಿನವರು ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರ ಬಳಸುತ್ತಿರಬಹುದು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪುತ್ತವೆ, ಅದರಲ್ಲೂ ಸೋಬಾನೆ ಪದಗಳ ಆಡುಮಾತಿನಲ್ಲಿ ಯಾರಿಗೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನೀವೇ ಫಾಂಟ್ ಸೇರಿಸಿದ ಪಿಡಿಎಫ್ ಕೊಟ್ಟು 'ಇದನ್ನು ಹೀಗೇ ಹಾಕಿ' ಅನ್ನಿ. ಸಾಲುಗಳನ್ನು ಎಡಕ್ಕೆ ಮಾತ್ರ ಸಮ ಮಾಡಿ. ಎರಡೂ ಅಂಚು ಸಮ ಮಾಡಿದರೆ ನಮ್ಮ ಉದ್ದುದ್ದ ಪದಗಳಿಂದಾಗಿ ಸಾಲಿನ ನಡುವೆ ಬಿಳಿ ಕಿಂಡಿ ಬೀಳುತ್ತವೆ. ಹೆಸರುಗಳ ಪ್ರೂಫನ್ನು ಆರು ಮನೆಯವರಲ್ಲಿ ಒಬ್ಬೊಬ್ಬರು ಓದಲಿ.

ದಿನದ ಲೆಕ್ಕ ನೋಡಿಕೊಳ್ಳಿ. 2026ರಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ, ಹಾಗಾಗಿ ಕಳೆದ ಸಲ ನವೆಂಬರ್ ಎರಡನೆಯ ವಾರದಲ್ಲಿದ್ದ ಕಾರ್ತಿಕ ಬಹುಳ ಪಂಚಮಿ ಈ ಸಲ 28–29ರ ಸುಮಾರಿಗೆ ಹೋಗುತ್ತದೆ. ಹೆಚ್ಚು ದಿನ ಸಿಕ್ಕಿತು ಅಂತ ನಿಧಾನ ಮಾಡಬೇಡಿ: ರಾಜ್ಯೋತ್ಸವ, ದೀಪಾವಳಿಯ ಹಿಂದುಮುಂದು ಪ್ರೆಸ್ಸುಗಳಲ್ಲಿ ಕೆಲಸ ಮುಗಿಬೀಳುತ್ತದೆ. ಅಕ್ಟೋಬರ್ ಮೊದಲ ವಾರ ಪಿಡಿಎಫ್ ಕೊಟ್ಟು, ಒಂದು ಪ್ರತಿ ಮಾತ್ರ ಮಾಡಿಸಿ ಮನೆಗೆ ತನ್ನಿ. ಅದನ್ನು ದೊಡ್ಡಮ್ಮ ಓದಿ ಸರಿ ಅಂದ ಮೇಲೆ ಉಳಿದ 149.